ವಿಡಿಯೋ ಗೇಮ್ ಮತ್ತು ಮಕ್ಕಳು: ಒಂದು ವಾದದ ಚರಿತ್ರೆ

ಕ್ರಿಸ್ಮಸ್ ಹತ್ತಿರ ಬಂತೆಂದರೆ ಮಕ್ಕಳಿಗೆ ಏನು ಉಡುಗೊರೆ ಕೊಡೋಣವೆಂಬ ಮಾತು ನಮ್ಮ ಮನೆಗಳಲ್ಲಿ ಶುರುವಾಗುತ್ತದೆ. 1993ರ ಅಮೆರಿಕದಲ್ಲಿ ಈ ಮಾತು ಮನೆಯ ಹೊಸ್ತಿಲು ದಾಟಿ ಸಂಸತ್ತಿಗೇ ಹೋಯಿತು. ಹಬ್ಬದ ವ್ಯಾಪಾರ ಭರದಿಂದ ಸಾಗಿದ್ದ ಡಿಸೆಂಬರ್ 9ರಂದು ಸೆನೆಟರ್‌ಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬರ್ಟ್ ಕೋಲ್ ವಿಡಿಯೋ ಗೇಮ್ ಕಂಪನಿಗಳವರನ್ನು ಕರೆಸಿ ವಿಚಾರಣೆ ನಡೆಸಿದರು. ಈ ಆಟಗಳು ಮಕ್ಕಳನ್ನು ಕೆಡಿಸುತ್ತವೆಯೇ? ನಾವು ಇಂದಿಗೂ ಕೇಳುವ ಪ್ರಶ್ನೆಯೇ ಅದು.

ವಾದ ಇನ್ನೂ ಹಳೆಯದು. 1976ರಲ್ಲಿ ಎಕ್ಸಿಡಿ ಎಂಬ ಕಂಪನಿ ‘ಡೆತ್ ರೇಸ್’ ಎಂಬ ಆಟದ ಯಂತ್ರವನ್ನು ತಂದಿತು. ಕಾಸು ಹಾಕಿ, ಸ್ಟೀರಿಂಗ್ ತಿರುಗಿಸಿ, ಪರದೆಯಲ್ಲಿ ಓಡಾಡುವ ಕಡ್ಡಿಯಂಥ ಆಕೃತಿಗಳ ಮೇಲೆ ಕಾರು ಹರಿಸಬೇಕು. ಹರಿಸಿದೊಡನೆ ಒಂದು ಚೀತ್ಕಾರ. ಆ ಜಾಗದಲ್ಲಿ ಸಮಾಧಿಯ ಶಿಲುಬೆಯೊಂದು ಮೂಡುತ್ತದೆ. ಅವು ಮನುಷ್ಯರಲ್ಲ, ಭೂತಗಳು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಶಿಲುಬೆಯನ್ನು ಆಟದ ಗಳಿಕೆಯ ಗುರುತಾಗಿಸಿದವರ ಈ ಸಮಜಾಯಿಷಿ ನಮಗಂತೂ ರುಚಿಸುವುದಿಲ್ಲ. ಆದರೆ ಪತ್ರಿಕೆ, ಟೀವಿಗಳು ಖಂಡಿಸಿದಷ್ಟೂ ಯಂತ್ರಕ್ಕೆ ಬೇಡಿಕೆ ಹೆಚ್ಚಿತು!

1982ರ ನವೆಂಬರ್‌ನಲ್ಲಿ ಆ ದೇಶದ ಸರ್ಜನ್ ಜನರಲ್, ಅಂದರೆ ಸರ್ಕಾರದ ಪ್ರಮುಖ ಆರೋಗ್ಯಾಧಿಕಾರಿ ಎವೆರೆಟ್ ಕೂಪ್, ಈ ಆಟಗಳಿಂದ ಮಕ್ಕಳ ನಡತೆ ಕೆಡುತ್ತಿದೆ ಎಂದರು. ಮರುದಿನವೇ, ಅದು ತಮ್ಮ ಸ್ವಂತ ಅಭಿಪ್ರಾಯ, ವೈಜ್ಞಾನಿಕ ಆಧಾರ ಇಲ್ಲ ಎಂದು ಸ್ಪಷ್ಟನೆ ಕೊಡಬೇಕಾಯಿತು.

1993ರ ವಿಚಾರಣೆಗೆ ಕಾರಣವಾದದ್ದು ‘ಮಾರ್ಟಲ್ ಕಾಂಬ್ಯಾಟ್’. ಲೀಬರ್‌ಮನ್‌ರ ಸಹಾಯಕರೊಬ್ಬರ ಮಗ ಆ ಆಟ ಬೇಕೆಂದು ಅಪ್ಪನನ್ನು ಪೀಡಿಸಿದ್ದೇ ಎಲ್ಲದರ ಮೂಲ. ಗೆದ್ದವನು ಸೋತವನ ಹೃದಯವನ್ನು ಕಿತ್ತು ಹಿಡಿಯುವ ಆಟವದು. ನಿಂಟೆಂಡೊ ಕಂಪನಿ ರಕ್ತವನ್ನು ಅಳಿಸಿ ಬೂದು ಬಣ್ಣದ ಬೆವರಾಗಿಸಿತು; ಸೆಗಾ ಕಂಪನಿಯ ಆಟದಲ್ಲಿ ಗುಪ್ತ ಸಂಕೇತ ಒತ್ತಿದರೆ ರಕ್ತ ಹರಿಯುತ್ತಿತ್ತು. ಹೆಚ್ಚು ಮಾರಾಟವಾದದ್ದು ಸೆಗಾದ್ದೇ. ಕಾನೂನು ಬಂದೀತೆಂದು ಬೆದರಿದ ಕಂಪನಿಗಳು 1994ರಲ್ಲಿ ತಾವೇ ಮಂಡಳಿಯೊಂದನ್ನು ಕಟ್ಟಿ, ಯಾವ ಆಟ ಯಾವ ವಯಸ್ಸಿಗೆಂದು ಪೆಟ್ಟಿಗೆಯ ಮೇಲೆ ಅಚ್ಚುಹಾಕತೊಡಗಿದವು. ನಮ್ಮ ದೃಷ್ಟಿಯಲ್ಲಿ ಈ ವಾದದಿಂದ ತಂದೆತಾಯಿಗಳಿಗೆ ದಕ್ಕಿದ ನಿಜವಾದ ಲಾಭವೆಂದರೆ ಆ ಪುಟ್ಟ ಚೀಟಿಯೇ.

1999ರ ಏಪ್ರಿಲ್ 20ರಂದು ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿದರು. 12 ಮಂದಿ ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕರೂ ಅಂದು ಬಲಿಯಾದರು. ಕೊಂದವರು ‘ಡೂಮ್’ ಆಡುತ್ತಿದ್ದರೆಂದು ತಿಳಿದಾಗ ಬೆರಳೆಲ್ಲ ಆಟದತ್ತ ತಿರುಗಿತು. ಮಕ್ಕಳನ್ನು ಕಳೆದುಕೊಂಡವರ ಆ ನೋವನ್ನು ಯಾರು ತಾನೇ ಪ್ರಶ್ನಿಸಿಯಾರು? ಆದರೂ ಕಂಪನಿಗಳ ಮೇಲೆ ಹೂಡಿದ ಮೊಕದ್ದಮೆ 2002ರಲ್ಲಿ ವಜಾ ಆಯಿತು.

ಹಿಂಸಾತ್ಮಕ ಆಟಗಳನ್ನು 18 ವರ್ಷದೊಳಗಿನವರಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯ ರಾಜ್ಯ 2005ರಲ್ಲಿ ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟ್ 2011ರಲ್ಲಿ 7–2ರ ಬಹುಮತದಿಂದ ರದ್ದುಮಾಡಿತು. ತೀರ್ಪು ಬರೆದ ಆಂಟೊನಿನ್ ಸ್ಕಾಲಿಯ ಒಂಬತ್ತು ಮಕ್ಕಳ ತಂದೆ, ಕಥೋಲಿಕರು. ಗ್ರಿಮ್ ಸಹೋದರರ ಕಥೆಗಳಲ್ಲೂ ಮಕ್ಕಳು ಮಾಟಗಾತಿಯನ್ನು ಒಲೆಗೆ ನೂಕುವುದನ್ನು ಅವರು ನೆನಪಿಸಿದರು. ಭಿನ್ನಮತ ಬರೆದ ಇಬ್ಬರಲ್ಲಿ ಒಬ್ಬರಾದ ಕ್ಲಾರೆನ್ಸ್ ಥಾಮಸ್ ಅವರೂ ಕಥೋಲಿಕರೇ. ತಂದೆತಾಯಿಯನ್ನು ದಾಟಿ ಮಗುವಿನೊಡನೆ ನೇರವಾಗಿ ಮಾತಾಡುವ ಹಕ್ಕು ಹೊರಗಿನವರಿಗಿಲ್ಲ ಎಂಬುದು ಅವರ ನಿಲುವು. ಕಾನೂನಿನ ಮಾತು ಹಾಗಿರಲಿ, ಮನೆಯ ಮಾತಾಗಿ ನಮಗೆ ಹಿಡಿಸುವುದು ಥಾಮಸ್ ಅವರದೇ.

ಇತ್ತ 1990ರ ದಶಕದ ನಡುವಿನಿಂದ ಅಮೆರಿಕದ ಹದಿಹರೆಯದವರ ಹಿಂಸಾಪರಾಧಗಳು ಇಳಿಯುತ್ತಾ ಹೋದವು. ಅದೇ ಕಾಲದಲ್ಲಿ ಆಟಗಳ ಮಾರಾಟ ಏರುತ್ತಾ ಹೋಯಿತು. ಕಿರುಚುವುದು, ತಳ್ಳಾಡುವುದು ಮುಂತಾದ ಒರಟುತನಕ್ಕೂ ಹಿಂಸಾತ್ಮಕ ಆಟಗಳಿಗೂ ಸಣ್ಣದೊಂದು ನಂಟು ಇದೆ, ಆದರೆ ಕೊಲೆಯಂಥ ಹಿಂಸೆಗೆ ಅವುಗಳನ್ನು ಹೊಣೆಮಾಡಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿತು. ಹಾಗೆಂದು ಅಂಥ ಆಟ ಒಳ್ಳೆಯದೆನ್ನಲಾದೀತೇ? 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು ಹಿಂಸೆಯನ್ನು ಮೆರೆಸುವ ವಿಡಿಯೋ ಗೇಮ್‌ಗಳನ್ನು ಹೆಸರಿಸಿಯೇ ಖಂಡಿಸಿದ್ದರು. ಮಕ್ಕಳಿಗೆ ಸುಂದರವಾದದ್ದನ್ನು ತೋರಿಸಿ, ಆರಿಸಿಕೊಳ್ಳುವ ವಿವೇಕ ಕಲಿಸಿರಿ ಎಂಬುದು ಆ ಸಂದೇಶದ ತಿರುಳು.

ಇಷ್ಟೆಲ್ಲ ಗದ್ದಲದಲ್ಲಿ ಎಲ್ಲರ ಕಣ್ಣೂ ರಕ್ತದ ಮೇಲಿತ್ತು. ಗಡಿಯಾರವನ್ನು ನೋಡಿದವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿತು. ಅದರ ಲಕ್ಷಣಗಳಲ್ಲಿ ರಕ್ತದ ಪ್ರಸ್ತಾಪವೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಪಾಠ, ಗೆಳೆತನಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿಯುವುದು. ಬಣ್ಣದ ಗುಂಡುಗಳನ್ನು ಜೋಡಿಸುವ ನಿರುಪದ್ರವಿ ಆಟಕ್ಕೂ ಇದು ಅನ್ವಯಿಸುತ್ತದೆ. ಆ ಪಟ್ಟಿ ಅಂಗೀಕಾರವಾಗುವ ಐದು ವರ್ಷ ಮೊದಲೇ, 2014ರಲ್ಲಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಇಂಥ ಮಕ್ಕಳಿಗಾಗಿಯೂ ದೊಡ್ಡವರಿಗಾಗಿಯೂ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆದಿತ್ತು.