ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಶಾಂತಿ

ಕ್ರಿ.ಶ. 1799ನೆಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಆಂಗ್ಲರ ವಶವಾಗಿ, ಟಿಪ್ಪು ಸುಲ್ತಾನನು ರಣದಲ್ಲಿ ಮಡಿದನಷ್ಟೆ. ಯುದ್ಧವು ಅಂದಿಗೆ ಮುಗಿಯಿತೆಂದು ಚರಿತ್ರಕಾರರು ಬರೆಯುವರು. ಆದರೆ ಕತ್ತಿಯನ್ನೇ ಜೀವನೋಪಾಯವಾಗಿ ಉಳ್ಳ ಸಾವಿರಾರು ಮಂದಿ ಅಂದಿನಿಂದ ಅನ್ನಹೀನರಾದರು. ಪ್ರಜೆಗಳಿಗೆ ನಿಜವಾದ ಭಯವು ಆಗಲೇ ಆರಂಭವಾಯಿತು.

ಸುಲ್ತಾನನ ಸೆರೆಯಲ್ಲಿದ್ದ ಧೋಂಡಿಯ ವಾಘನು ಈ ಗೊಂದಲದಲ್ಲಿ ಬಿಡುಗಡೆ ಹೊಂದಿ, ಚದುರಿದ ಕುದುರೆಯವರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಸೂರೆಗೈದನು. 1800ನೆಯ ಸೆಪ್ಟೆಂಬರ್ 10ರಂದು ಅವನು ಹತನಾದನು. ಬಲದ ಕೃಷ್ಣಪ್ಪನಾಯಕನು ಮಲೆನಾಡಿನ ಅರಣ್ಯದುರ್ಗಗಳನ್ನು ಆಶ್ರಯಿಸಿ 1802ರವರೆಗೂ ಅಧೀನನಾಗಲಿಲ್ಲ. ಹೀಗೆ ದಂಡದಿಂದ ಅಡಗಿದವರು ಕೆಲವರು; ಅನ್ನದಿಂದ ಅಡಗಿದವರೇ ಬಹುಮಂದಿ.

1799ನೆಯ ಜೂನ್ 30ರಂದು ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕವಾಯಿತು. ಆಡಳಿತಭಾರವು ದಿವಾನ ಪೂರ್ಣಯ್ಯನವರ ಮೇಲೆ ಬಿದ್ದಿತು. ಸುಲ್ತಾನನಿಗೆ ಮಂತ್ರಿಯಾಗಿದ್ದವರೇ ಹೊಸ ರಾಜ್ಯಕ್ಕೂ ಮಂತ್ರಿಯಾದುದನ್ನು ಆಕ್ಷೇಪಿಸುವವರು ಇಂದಿಗೂ ಇದ್ದಾರೆ. ಆದರೆ ಯಾವ ಹೋಬಳಿಯಲ್ಲಿ ಎಷ್ಟು ಆಳು, ಎಷ್ಟು ಕಂದಾಯವೆಂಬುದನ್ನು ಅವರಂತೆ ಬಲ್ಲವರು ಮತ್ತೊಬ್ಬರಿರಲಿಲ್ಲವೆಂಬುದೂ ಸತ್ಯವೇ. ಅವರು ಹಳೆಯ ಸಿಪಾಯಿಗಳನ್ನು ಕಂದಾಚಾರದ ಆಳುಗಳನ್ನಾಗಿ ನೇಮಿಸಿದರು. ಇವರು ತಮ್ಮ ತಮ್ಮ ಗ್ರಾಮಗಳಲ್ಲಿಯೇ ಇದ್ದು, ಹೊಲಗದ್ದೆಗಳನ್ನು ಮಾಡಿಕೊಂಡು, ಊರ ಕಾವಲನ್ನೂ ನಡೆಯಿಸುತ್ತ, ಅಲ್ಪವೇತನವನ್ನು ಪಡೆಯುತ್ತಿದ್ದರು. ಕುದುರೆಯುಳ್ಳವರು ಸಿಲೇದಾರರಾದರು. ನಿನ್ನೆ ಊರನ್ನು ಸುಲಿಯಬಹುದಾಗಿದ್ದವನೇ ಇಂದು ಆ ಊರಿನ ಕಾವಲಿಗೆ ನಿಂತನು! ಸುಲ್ತಾನನ ಅಧಿಕಾರಿಗಳಿಗೂ ಅವರ ಕುಟುಂಬಗಳಿಗೂ ವರ್ಷಾಶನಗಳು ಏರ್ಪಟ್ಟುವು. ಒಡೆದ ಕೆರೆಕಾಲುವೆಗಳ ಜೀರ್ಣೋದ್ಧಾರವು ನಡೆಯಿತು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆಯು ಪೂರ್ತಿಯಾಯಿತು.

ಈ ಶಾಂತಿಗೆ ಬೆಲೆಯೂ ಇತ್ತು. ಸಂಧಿಯ ಪ್ರಕಾರ ಪ್ರತಿವರ್ಷವೂ 7 ಲಕ್ಷ ವರಹಗಳನ್ನು ಕುಂಪಣಿಗೆ ಸಲ್ಲಿಸಬೇಕಾಗಿತ್ತು. ಆ ಹೊರೆಯು ಕಡೆಗೆ ಬಿದ್ದುದು ಒಕ್ಕಲಿನ ಹೆಗಲ ಮೇಲೆಯೇ. ಪೂರ್ಣಯ್ಯನವರ ಲೆಕ್ಕಾಚಾರವು ಬಿಗಿಯಾಗಿದ್ದುದರಿಂದ ಅವರ ಕಾಲದಲ್ಲಿ ಅದು ಸಹ್ಯವಾಗಿತ್ತು.

ಅವರು 1811ರಲ್ಲಿ ಅಧಿಕಾರದಿಂದ ನಿವೃತ್ತರಾಗಿ, ಮರುವರ್ಷ ದೈವಾಧೀನರಾದರು. ಬಳಿಕ ಬೊಕ್ಕಸವು ಬರಿದಾಯಿತು. ದಂಡಿನವರ ಸಂಬಳವು ಬಾಕಿ ಬಿದ್ದಿತು. ಇಷ್ಟು ಹಣವನ್ನು ಕಟ್ಟುವೆನೆಂದು ಅಮಲ್ದಾರನು ಸರ್ಕಾರಕ್ಕೆ ಒಪ್ಪಿಕೊಳ್ಳುವ ಶರತ್ತಿನ ಪದ್ಧತಿಯು ಬಳಕೆಗೆ ಬಂದಿತು. ಒಪ್ಪಿದ ಮೊತ್ತವನ್ನು ತುಂಬಲು ಅವನು ರೈತನನ್ನು ಹಿಂಡದೆ ಬೇರೆ ದಾರಿಯಿರಲಿಲ್ಲ. ರೈತನ ಮೊರೆಯನ್ನು ಕೇಳಬೇಕಾದವನೂ ಅವನೇ ಆಗಿದ್ದನು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯವನ್ನು ನಿಲ್ಲಿಸಿದರು. ಬೂದಿ ಬಸವಪ್ಪನೆಂಬವನು ತಾನೇ ನಗರದ ದೊರೆಯೆಂದು ಮುಂದೆ ಬಂದನು. ದಂಗೆಯು ಹಬ್ಬಿ, ಮತ್ತೆ ಊರುಗಳು ಉರಿದುವು. 1831ರ ಅಕ್ಟೋಬರಿನಲ್ಲಿ ಕುಂಪಣಿಯು ರಾಜ್ಯಭಾರವನ್ನೇ ಒಡೆಯರ ಕೈಯಿಂದ ತೆಗೆದುಕೊಂಡಿತು. ಅದು ರಾಜಮನೆತನಕ್ಕೆ ಮರಳಿದುದು 1881ನೆಯ ಮಾರ್ಚ್ 25ರಂದು. ಅಷ್ಟರಲ್ಲಿ ಮುಮ್ಮಡಿ ಕೃಷ್ಣರಾಜರು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದುವು.