ಹಿನಕಲ್ಲಾ, ಬೋಗಾದಿನಾ? ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ಮೈಸೂರು: ನಗರದ ಪಶ್ಚಿಮ ಭಾಗದಲ್ಲಿ ಮನೆ ಅಥವಾ ಸೈಟು ಹುಡುಕುವವರು ಕೊನೆಗೆ ಬಂದು ನಿಲ್ಲೋದು ಈ ಎರಡು ಊರುಗಳ ಮಧ್ಯೆ. ರಿಂಗ್ ರೋಡಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಆದರೂ ವಾಸಕ್ಕೆ ಎರಡೂ ಒಂದೇ ಥರ ಅಲ್ಲ.

ಹಿನಕಲ್ ಇರೋದು ಹುಣಸೂರು ಹೆದ್ದಾರಿ ಮೇಲೆ. ಹೆಬ್ಬಾಳ ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ಹತ್ತಿರ. ಬಾಡಿಗೆಗೆ ಜನ ಸಿಗ್ತಾರೆ, ಅಂಗಡಿ ಇಡೋರಿಗೆ ವ್ಯಾಪಾರವೂ ಇದೆ. ಫ್ಲೈಓವರ್ ಆದರೂ ಸಂಜೆ ಗದ್ದಲ ತಪ್ಪಿಲ್ಲ. ಬೋಗಾದಿ ಗದ್ದಿಗೆ ರಸ್ತೆಯಲ್ಲಿದೆ, ಮಾನಸಗಂಗೋತ್ರಿ ಕಡೆಯವರಿಗೆ ಅನುಕೂಲ. ಒಳಗಿನ ಬಡಾವಣೆಗಳು ಸ್ವಲ್ಪ ನಿಶ್ಶಬ್ದ. ಸಂಸಾರಕ್ಕೆ ನಾನಾದರೆ ಬೋಗಾದಿ ಅಂತೀನಿ, ಮಳಿಗೆಗೆ ಹಿನಕಲ್.

ಆದರೆ ದುಡ್ಡು ಮುಳುಗೋದು ಇದರಲ್ಲಲ್ಲ, ಖಾತೆಯಲ್ಲಿ. ಹಿನಕಲ್ ಈಗ ಹೂಟಗಳ್ಳಿ ನಗರಸಭೆಗೆ ಸೇರಿದೆ, ಬೋಗಾದಿಗೆ ಪಟ್ಟಣ ಪಂಚಾಯಿತಿ ಇದೆ. ಎರಡೂ ಮೊದಲು ಗ್ರಾಮ ಪಂಚಾಯಿತಿಗಳೇ. ಹಾಗಾಗಿ ಒಂದೇ ಊರಿನ ಹೆಸರಲ್ಲಿ ಮುಡಾ ಬಡಾವಣೆ, ಅನುಮೋದನೆ ಪಡೆದ ಖಾಸಗಿ ಬಡಾವಣೆ, ಹಳೇ ಗ್ರಾಮಠಾಣೆ, ರೆವಿನ್ಯೂ ಸೈಟು ಎಲ್ಲಾ ಇವೆ. ಬ್ರೋಕರ್ "ಬೋಗಾದೀಲಿ ಸೈಟು ಸಾರ್" ಅಂದರೆ ಇದರಲ್ಲಿ ಯಾವುದು ಅಂತ ಮೊದಲು ಕೇಳಿ.

ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಆಗಲ್ಲ. ಬಿ ಖಾತೆ ಕೊಟ್ಟರೂ ಅದರಿಂದ ಬಡಾವಣೆ ಸಕ್ರಮ ಆಗೋದಿಲ್ಲ. ಸಾಲ ಕೊಡೋಕೆ ಬ್ಯಾಂಕಿನವರು ಹಿಂದೇಟು ಹಾಕ್ತಾರೆ, ಮನೆ ಕಟ್ಟೋಕೆ ಲೈಸೆನ್ಸ್ ಕಷ್ಟ. ಬಿ ಖಾತೆಗೂ 2024ರ ಸೆಪ್ಟೆಂಬರ್ 10ಕ್ಕೆ ಮುಂಚೆ ನೋಂದಣಿ ಆಗಿರಬೇಕು. "ಆಮೇಲೆ ಮಾಡಿಸಿಕೊಡ್ತೀವಿ" ಅನ್ನೋ ಮಾತಿಗೆ ಒಂದು ರೂಪಾಯಿ ಕೊಡಬೇಡಿ. ಮುಡಾ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಆಗಿದೆ, ಅಲ್ಲಿಗೇ ಹೋಗಿ ಬಡಾವಣೆ ನಕ್ಷೆ ನೋಡಿ. 30 ವರ್ಷದ ಇಸಿ ತೆಗೆಸಿ ವಕೀಲರಿಗೆ ತೋರಿಸಿ.

ನೀರಿನ ವಿಷಯ ಮಾರುವವರನ್ನ ಕೇಳಿ ಪ್ರಯೋಜನ ಇಲ್ಲ. ಪಕ್ಕದ ಮನೆಯವರನ್ನ ಕೇಳಿ: ನಲ್ಲೀಲಿ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸ್ತೀರಾ? ಹಳೆ ಉಂಡುವಾಡಿ ಯೋಜನೆಯ ಹೆಸರು ಹೇಳಿ ಬೆಲೆ ಏರಿಸುವವರಿದ್ದಾರೆ. ಪೈಪ್ ಆ ಬೀದಿಗೆ ಬಂದಿದೆಯಾ ಅನ್ನೋದೇ ಲೆಕ್ಕ. ಬೃಹತ್ ಮೈಸೂರು ಪಾಲಿಕೆಯ ಮಾತಿಗೂ ಇದೇ ಉತ್ತರ. ಜೋರು ಮಳೆ ಬಂದ ಮಾರನೇ ದಿನ ಒಂದ್ಸಲ ಹೋಗಿ ರಸ್ತೆ, ಚರಂಡಿ ನೋಡಿ ಬನ್ನಿ.

ಖರ್ಚಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. 40 ಲಕ್ಷದ ಸೈಟಿಗೆ ಒಟ್ಟು 3 ಲಕ್ಷದ 4 ಸಾವಿರ ಬೀಳುತ್ತೆ. ವಕೀಲರು, ಬ್ರೋಕರ್ ಕಮಿಷನ್ ಬೇರೆ.