ಹರ್ಟ್ಸ್‌ಗೆ ಕಾಣದೇ ಹೋದ ಬಾಗು

ಇವತ್ತು ಎರಡು ಪುಟ್ಟ ಲೋಹದ ತಟ್ಟೆಗಳ ಕತೆ ಹೇಳ್ತೀನಿ.

ಗಾಳಿ ತೆಗೆದ ಗಾಜಿನ ಕೊಳವೆಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ ಹಾಯಿಸಿದ್ರೆ ಒಳಗಿನ ಕ್ಯಾಥೋಡ್‌ನಿಂದ ಕಿರಣ ಹೊರಟು, ಎದುರಿನ ಗಾಜು ಹಸಿರಾಗಿ ಹೊಳೆಯುತ್ತೆ. ಇದು ಬೆಳಕಿನಂಥ ಅಲೆಯಾ, ವಿದ್ಯುತ್ ಹೊತ್ತ ಕಣಗಳಾ? ಜರ್ಮನಿಯ ಬಹುತೇಕರು ಅಲೆ ಅಂದ್ರು, ಬ್ರಿಟನ್ನಿನವರು ಕಣ ಅಂದ್ರು.

1883ರಲ್ಲಿ ಹೈನ್ರಿಚ್ ಹರ್ಟ್ಸ್ ಪರೀಕ್ಷೆ ಮಾಡೇಬಿಟ್ರು. ಹೌದು, ನಮ್ಮ ಎಫ್‌ಎಂ ಚಾನೆಲ್ ಹೇಳೋ 'ಮೆಗಾಹರ್ಟ್ಸ್' ಇವರ ಹೆಸರೇ. ಕಿರಣದ ಆಚೀಚೆ ಎರಡು ತಟ್ಟೆ, ಒಂದಕ್ಕೆ ಪ್ಲಸ್, ಒಂದಕ್ಕೆ ಮೈನಸ್. ಕಣಗಳಾದ್ರೆ ಪ್ಲಸ್ ಕಡೆಗೋ ಮೈನಸ್ ಕಡೆಗೋ ವಾಲಬೇಕು. ವಾಲಲಿಲ್ಲ. ಹಾಗಾದ್ರೆ ಕಣ ಅಲ್ಲ ಅಂದ್ರು. ತರ್ಕದಲ್ಲಿ ನನಗಂತೂ ಯಾವ ದೋಷವೂ ಕಾಣಲ್ಲ.

ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ ಇದನ್ನೇ ಮತ್ತೆ ಮಾಡಿದಾಗಲೂ ಮೊದಮೊದಲು ಏನೂ ಬಾಗಲಿಲ್ಲ. ಆದ್ರೆ ಅವರ ಅನುಮಾನ ಹೋಗಿದ್ದು ಕೊಳವೆಯಲ್ಲಿ ಉಳಿದಿದ್ದ ಚೂರು ಗಾಳಿಯ ಮೇಲೆ. ಕಿರಣ ಹಾದುಹೋಗುವಾಗ ಆ ಗಾಳಿಯೇ ವಿದ್ಯುದ್ವಾಹಕ ಆಗುತ್ತೆ. ಅದರಲ್ಲಿ ಹುಟ್ಟಿದ ಪ್ಲಸ್ ಅಯಾನುಗಳು ಮೈನಸ್ ತಟ್ಟೆಗೆ, ಮೈನಸ್‌ಗಳು ಪ್ಲಸ್ ತಟ್ಟೆಗೆ ಮುತ್ತಿಕೊಳ್ತವೆ. ತಟ್ಟೆಗಳಲ್ಲಿ ವೋಲ್ಟೇಜ್ ಇದ್ದೂ, ನಡುವೆ ಕಿರಣವನ್ನು ಎಳೆಯೋ ಬಲವೇ ಉಳಿಯಲ್ಲ!

ಆದ್ದರಿಂದ ಪಂಪ್ ಮಾಡಿ, ಮಾಡಿ, ಗಾಳಿ ತೆಗೆದ್ರು. ಅಷ್ಟು ಬಿಗಿಯಾದ ಕೊಳವೆ ಊದಿಕೊಟ್ಟಿದ್ದು ಸಹಾಯಕ ಎಬೆನೀಜರ್ ಎವರೆಟ್. ಥಾಮ್ಸನ್ ಅವರ ಕೈಗೆ ಗಾಜು ಕೊಡೋಕೇ ಜನ ಹೆದರ್ತಿದ್ರಂತೆ. ಒಳಗಿನ ಅಲ್ಯೂಮಿನಿಯಂ ತಟ್ಟೆಗಳು ಸುಮಾರು 5 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ, ನಡುವೆ ಒಂದೂವರೆ ಸೆಂಟಿಮೀಟರ್ ಅಂತರ. ಅಂತರ ಕಡಿಮೆ ಮಾಡಿದ್ರೆ ಕಿರಣ ಜಾಸ್ತಿ ಬಾಗುತ್ತೆ, ಆದ್ರೆ ತಟ್ಟೆಗೇ ಬಡಿಯೋ ಅಪಾಯ. 1897ರಲ್ಲಿ ಕೊನೆಗೂ ಹಸಿರು ಚುಕ್ಕೆ ಪ್ಲಸ್ ಕಡೆಗೆ ಸರಿಯಿತು. ಬರೀ ಎರಡು ವೋಲ್ಟ್‌ಗೂ ಸರಿಯಿತು ಅಂತ ಬರೆದಿದ್ದಾರೆ. ನಿಮ್ಮ ರಿಮೋಟ್‌ನ ಎರಡು ಸೆಲ್ ಸೇರಿದ್ರೆ ಅದಕ್ಕಿಂತ ಜಾಸ್ತಿ.

ಬಾಗಿದ ಅಳತೆಯಿಂದ ಲೆಕ್ಕ ಹಾಕಿದ್ರೆ, ಈ ಕಣ ಹೈಡ್ರೋಜನ್ ಪರಮಾಣುವಿಗಿಂತ ಸಾವಿರ ಪಟ್ಟಿಗೂ ಹಗುರ ಅನ್ನೋ ದಾರಿಗೆ ಬಂತು. ಅದೇ ಎಲೆಕ್ಟ್ರಾನ್. ಹರ್ಟ್ಸ್ ಇದನ್ನ ನೋಡಲಿಲ್ಲ. 1894ರ ಜನವರಿ 1ರಂದು, 36ನೇ ವಯಸ್ಸಿಗೇ ತೀರಿಕೊಂಡಿದ್ರು.

ತಟ್ಟೆಗಳು ಮಾತ್ರ ರಿಟೈರ್ ಆಗಿಲ್ಲ. ನೀರಿನ ಬಾಟಲಿ ಮೇಲೆ ಚುಕ್ಕೆ ಚುಕ್ಕೆಯಾಗಿ ತಾರೀಖು ಇದ್ಯಾ ನೋಡಿ. ಹಾರೋ ಇಂಕಿನ ಹನಿಗೆ ಚಾರ್ಜ್ ಕೊಟ್ಟು, ಇಂಥದ್ದೇ ಎರಡು ತಟ್ಟೆ ನಡುವೆ ಬಾಗಿಸಿ ಬರೆಯೋ ಪ್ರಿಂಟರ್‌ಗಳ ಕೆಲಸ ಅದು.